ನಿಯಾಂಡರ್ತಲ್ ಮಾನವರ ಅಳಿವು: ಒಂದು ಮರುಚಿಂತನೆ

1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ದೊರೆತ ಎಲುಬುಗಳು ಅಳಿದುಹೋದ ಮಾನವ ಪ್ರಭೇದವೊಂದರ ಚರ್ಚೆಗೆ ನಾಂದಿಯಾದವು. ಸುಮಾರು 40,000 ವರ್ಷಗಳ ಹಿಂದೆ ಕಣ್ಮರೆಯಾದ ಈ ಜನರನ್ನು ಮಂದಮತಿಗಳೆಂದೂ, ಅವರ ಅಳಿವನ್ನು ಆಧುನಿಕ ಮಾನವನ ಶ್ರೇಷ್ಠತೆಯ ವಿಜಯವೆಂದೂ ಬಹುಕಾಲ ಬಣ್ಣಿಸಲಾಯಿತು. ಲಭ್ಯ ಆಧಾರಗಳು ಈ ಗ್ರಹಿಕೆಯನ್ನು ಸಮರ್ಥಿಸುವುದಿಲ್ಲ. ಅವರ ಮಿದುಳು ಗಾತ್ರದಲ್ಲಿ ನಮ್ಮದಕ್ಕಿಂತ ಕಿರಿದಾಗಿರಲಿಲ್ಲ. ಬೆಂಕಿಯ ಬಳಕೆಯನ್ನೂ ದೊಡ್ಡ ಪ್ರಾಣಿಗಳ ಬೇಟೆಯನ್ನೂ ಅವರು ಬಲ್ಲವರಾಗಿದ್ದರು. ಇರಾಕಿನ ಶಾನಿದಾರ್ ಗುಹೆಯ ಅಸ್ಥಿಪಂಜರವೊಂದು, ತೋಳು ಊನಗೊಂಡೂ ವರ್ಷಗಟ್ಟಲೆ ಬದುಕಿದ್ದ ಪುರುಷನದು. ಇದು ಅವರಲ್ಲಿದ್ದ ಪರಸ್ಪರ ಆರೈಕೆಯನ್ನು ಸೂಚಿಸುತ್ತದೆ.

ಹಾಗಾದರೆ ಅಳಿವಿಗೆ ಕಾರಣವೇನು? ಬುದ್ಧಿಗಿಂತ ಸಂಖ್ಯೆಯೇ ನಿರ್ಣಾಯಕವಾಗಿದ್ದಿರಬೇಕು. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ದೊರೆತ ನಿಯಾಂಡರ್ತಲ್ ಸ್ತ್ರೀಯ ತಂದೆತಾಯಿಗಳು ನಿಕಟ ರಕ್ತಸಂಬಂಧಿಗಳಾಗಿದ್ದರೆಂದು 2014ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ತಿಳಿಸುತ್ತದೆ. ಚದುರಿದ ಸಣ್ಣ ಗುಂಪುಗಳಲ್ಲಿ ಒಂದು ಕಠಿಣ ಚಳಿಗಾಲ, ಕೆಲವು ಮಕ್ಕಳ ಸಾವು ಸಹ ಚೇತರಿಸಿಕೊಳ್ಳಲಾಗದ ನಷ್ಟವಾಗಬಲ್ಲದು. ಆಫ್ರಿಕಾದಿಂದ ಬಂದ ಆಧುನಿಕ ಮಾನವರಿಗಾದರೋ ಹೆಚ್ಚಿನ ಜನಬಲವೂ ದೂರದ ಗುಂಪುಗಳ ನಂಟೂ ಇದ್ದವು.

ಆದರೆ ಇದು ಪೂರ್ಣ ಅಳಿವೂ ಅಲ್ಲ. ಎರಡೂ ಜನಾಂಗಗಳು ಕೂಡಿ ಸಂತಾನ ಪಡೆದವೆಂಬುದನ್ನು ಸ್ವಾಂತೆ ಪಾಬೊ ಅವರ ತಂಡ 2010ರಲ್ಲಿ ತೋರಿಸಿತು. ಭಾರತೀಯರೂ ಸೇರಿದಂತೆ ಆಫ್ರಿಕಾದ ಹೊರಗಿನ ಜನರ ಡಿಎನ್‌ಎಯಲ್ಲಿ ಸುಮಾರು ಶೇ. 2ರಷ್ಟು ಅವರ ಕೊಡುಗೆಯಾಗಿದೆ. ಗೆದ್ದವರು, ಸೋತವರು ಎಂಬ ವಿಂಗಡಣೆ ಇಲ್ಲಿ ಸಲ್ಲದು. ಸೋತವರೆನಿಸಿಕೊಂಡವರು ಗೆದ್ದವರ ಪೂರ್ವಜರೂ ಹೌದು.