ಇಂದಿನ ಧಮ್ಮ ಚಿಂತನೆ: ಸುಖದ ಲೆಕ್ಕದಲ್ಲಿ ಯಾರಿದ್ದಾರೆ?

 



ದೀಘನಿಕಾಯದ ಕೂಟದಂತ ಸುತ್ತದಲ್ಲಿ ಒಂದು ಕಥೆಯಿದೆ. ಮಹಾವಿಜಿತ ರಾಜನಿಗೆ ದೊಡ್ಡ ಯಜ್ಞ ಮಾಡುವ ಆಸೆ. ರಾಜ್ಯದಲ್ಲೋ ಎಲ್ಲೆಲ್ಲೂ ಕಳ್ಳತನ, ದರೋಡೆ. ಪುರೋಹಿತ ಹೇಳುತ್ತಾನೆ: ಈಗ ತೆರಿಗೆ ಹಾಕುವುದು ಸರಿಯಲ್ಲ, ಕೊಂದರೂ ಸೆರೆಗೆ ತಳ್ಳಿದರೂ ಕಳ್ಳತನ ನಿಲ್ಲದು. ಬೇಸಾಯಗಾರರಿಗೆ ಬೀಜ ಕೊಡು, ವ್ಯಾಪಾರಿಗಳಿಗೆ ಬಂಡವಾಳ ಕೊಡು, ನೌಕರರಿಗೆ ಊಟ, ಸಂಬಳ ಕೊಡು. ರಾಜ ಹಾಗೇ ಮಾಡಿದ. ಬೊಕ್ಕಸವೂ ತುಂಬಿತು, ಜನ ಬಾಗಿಲು ತೆರೆದಿಟ್ಟು ಬದುಕುವಂತೆಯೂ ಆಯಿತು.

ಯೋಗಕ್ಷೇಮದ ಅರ್ಥಶಾಸ್ತ್ರ ಎಂದು ಇಂದು ಕರೆಯುವುದು ಇದಕ್ಕೆ ಹತ್ತಿರದ ಮಾತು. ದೇಶದ ಉತ್ಪನ್ನ ಎಷ್ಟು ಏರಿತು ಎಂದಷ್ಟೇ ಕೇಳದೆ, ಜನರ ಬದುಕು ಏನಾಯಿತು ಎಂದೂ ಅದು ಕೇಳುತ್ತದೆ.

ಭೂತಾನ್ ಇದನ್ನು ಸಂವಿಧಾನಕ್ಕೇ ತಂದಿತು. 2008ರ ಸಂವಿಧಾನದ 9ನೇ ವಿಧಿಯ ಪ್ರಕಾರ, ಒಟ್ಟು ರಾಷ್ಟ್ರೀಯ ಸಂತೋಷಕ್ಕೆ ಅನುಕೂಲ ಕಲ್ಪಿಸಲು ಸರ್ಕಾರ ಶ್ರಮಿಸಬೇಕು. ಜೀವನಮಟ್ಟ, ಆರೋಗ್ಯ, ಶಿಕ್ಷಣ, ಸಮಯದ ಬಳಕೆ, ಮನಸ್ಸಿನ ನೆಮ್ಮದಿ, ಪರಿಸರ ಹೀಗೆ 9 ಕ್ಷೇತ್ರಗಳಲ್ಲಿ ಸಮೀಕ್ಷೆ ನಡೆಯುತ್ತದೆ. ಬರೀ ಸರಾಸರಿ ತೆಗೆಯುವುದಿಲ್ಲ, ಯಾರಿಗೆ ಯಾವುದರ ಕೊರತೆ ಎಂದು ಗುರುತಿಸುತ್ತಾರೆ. ಶಿಕ್ಷಕಿಯಾಗಿ ನನಗೆ ಇದರ ಬೆಲೆ ಗೊತ್ತು. ತರಗತಿಯ ಸರಾಸರಿ 70 ಅಂಕ ಇದ್ದರೂ, ಹಿಂದಿನ ಬೆಂಚಿನ ಮಗು ಓದಲು ಬಾರದೆ ಕೂತಿರಬಹುದು.

ಆದರೆ ಇನ್ನೊಂದು ಸತ್ಯವೂ ಇದೆ. ಇದೇ ಭೂತಾನ್ 1985ರಲ್ಲಿ ಪೌರತ್ವ ಕಾಯ್ದೆ ತಂದಿತು. 1988ರ ಗಣತಿಯಲ್ಲಿ, ದಕ್ಷಿಣ ಭಾಗದ ನೇಪಾಳಿ ಮಾತಾಡುವ ಜನರಿಂದ 1958ರ ದಾಖಲೆ ಕೇಳಿತು. 1990ರ ದಶಕದಲ್ಲಿ ಸುಮಾರು 1 ಲಕ್ಷ ಜನ ನೇಪಾಳದ ನಿರಾಶ್ರಿತರ ಶಿಬಿರಗಳಲ್ಲಿದ್ದರು. ಮುಂದೆ ಸಂತೋಷದ ಸಮೀಕ್ಷೆ ನಡೆದಾಗ ಅವರನ್ನು ಕೇಳುವವರಿರಲಿಲ್ಲ. ಬೌದ್ಧರ ದೇಶ ಎಂಬ ಅಭಿಮಾನಕ್ಕೆ ನಾವು ಇದನ್ನು ಮುಚ್ಚಿಡಬಾರದು. ಊರಿನ ಲೆಕ್ಕದಿಂದ ಕೇರಿಯನ್ನು ಹೊರಗಿಟ್ಟ ನೋವು ನಮಗೆ ಗೊತ್ತಿರುವುದೇ.

ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದೂ ಇದನ್ನೇ: ರಾಜಕೀಯದಲ್ಲಿ ಸಮಾನತೆ ಬಂದರೂ ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿದರೆ ಪ್ರಜಾಪ್ರಭುತ್ವಕ್ಕೇ ಅಪಾಯ.

ನಮ್ಮ ರಾಜ್ಯದಲ್ಲಿ 2013ರ ಕಾಯ್ದೆಯಂತೆ ಪರಿಶಿಷ್ಟ ಜಾತಿ ಮತ್ತು ಬುಡಕಟ್ಟು ಉಪಯೋಜನೆಗಳಿಗೆ ಜನಸಂಖ್ಯೆಗೆ ತಕ್ಕ ಪಾಲು ಮೀಸಲಿಡಬೇಕು. ಆ ಪಾಲು ಬಂತೇ, ಖರ್ಚಾಯಿತೇ ಎಂದು ಕೇಳುವುದು ನಮ್ಮ ಹಕ್ಕು. ಅಲ್ಲಿಗೇ ನಿಲ್ಲದೆ, ಮುಂದಿನ ಗ್ರಾಮಸಭೆಯಲ್ಲಿ ಈ ಮೂರು ಪ್ರಶ್ನೆಗಳನ್ನೂ ಕೇಳೋಣ:

1. ಈ ಹಣದಿಂದ ಯಾರ ಬದುಕು ಬದಲಾಯಿತು?
2. ಅದನ್ನು ಅಳೆದವರು ಕೇರಿಗೆ ಬಂದಿದ್ದರೇ?
3. ಪಟ್ಟಿಯಿಂದ ಬಿಟ್ಟುಹೋದ ಮನೆ ಯಾವುದು?

ಕರುಣೆ ಮನಸ್ಸಿನಲ್ಲಿ ಹುಟ್ಟುತ್ತದೆ. ಅದು ಬಜೆಟ್ಟಿನವರೆಗೆ ಹೋಗಬೇಕಾದರೆ ನಾವು ಎದ್ದು ನಿಂತು ಕೇಳಬೇಕು.

ಭವತು ಸಬ್ಬ ಮಂಗಲಂ 🙏