ಇಂಗ್ಲಿಷ್ ಬರುತ್ತದೆ, ಮೊದಲು ಬಾಯಿ ಬಿಡಿ

ಇಂಗ್ಲಿಷ್ ಮಾತಾಡುವುದನ್ನು ಕಲಿಯಬೇಕು ಅಂತ ಮನಸ್ಸಾದ ಕೂಡಲೇ ನೀವು ಮಾಡುವ ಮೊದಲ ಕೆಲಸ ವ್ಯಾಕರಣದ ಪುಸ್ತಕ ಕೊಂಡು ತರುವುದು. ನಾಲ್ಕು ದಿನ ಟೆನ್ಸುಗಳ ಪಟ್ಟಿ ಬರೆಯುತ್ತೀರಿ. ಐದನೇ ದಿನ ಮನೆಗೆ ನೆಂಟರು ಬರುತ್ತಾರೆ, ಪುಸ್ತಕ ಷೋಕೇಸ್ ಸೇರುತ್ತದೆ. ವರ್ಷ ಕಳೆದ ಮೇಲೆ ಕೇಳಿದರೆ ‘ನನಗೆ ಇಂಗ್ಲಿಷ್ ಹತ್ತಲ್ಲ ಬಿಡಿ’ ಅನ್ನುತ್ತೀರಿ. ಹತ್ತುವುದು ಹೇಗೆ? ಅಷ್ಟು ದಿನದಲ್ಲಿ ಒಂದು ವಾಕ್ಯವನ್ನಾದರೂ ಗಟ್ಟಿಯಾಗಿ ಆಡಿದ್ದೀರಾ? ಹಾಡ್ತಾ ಹಾಡ್ತಾ ರಾಗ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಮಾತು ಬಾಯಿಯ ಕೆಲಸ. ಕಣ್ಣಿನಿಂದ ಓದಿ ಓದಿ ಅದು ಬರುವುದಿಲ್ಲ.

ನಿಮಗೆ ಏನೂ ಬರುವುದಿಲ್ಲ ಅನ್ನುವುದು ಸುಳ್ಳು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಶುರುವಾದದ್ದು 2007ರಲ್ಲಿ. ಅದಕ್ಕಿಂತ ಮುಂಚೆ ಐದನೇ ಕ್ಲಾಸಿನಲ್ಲಿ ಎಬಿಸಿಡಿ ತಿದ್ದಿದವರು ಕೂಡ ಎಸ್ಸೆಸ್ಸೆಲ್ಸಿ ಮುಗಿಸುವಷ್ಟರಲ್ಲಿ ಆರು ವರ್ಷ ಇಂಗ್ಲಿಷ್ ಓದಿರುತ್ತಾರೆ. ಟಿಕೆಟ್ಟು, ಬಿಲ್ಲು, ರಿಪೇರಿ, ಅಡ್ರೆಸ್ಸು, ಅಪಾಯಿಂಟ್‌ಮೆಂಟು ಇಲ್ಲದೆ ನಿಮ್ಮ ಒಂದು ದಿನ ಕಳೆಯುವುದಿಲ್ಲ. ವಾಯ್ಸ್ ಆಫ್ ಅಮೆರಿಕ ರೇಡಿಯೊ 1959ರಲ್ಲಿ ಇಂಗ್ಲಿಷ್ ಕಲಿಯುವವರಿಗಾಗಿಯೇ ನಿಧಾನವಾಗಿ ಓದುವ ಸುದ್ದಿ ಶುರು ಮಾಡಿದಾಗ ಸುಮಾರು 1500 ಪದಗಳನ್ನು ಆರಿಸಿಕೊಂಡಿತ್ತು. ಪ್ರಪಂಚದ ಸುದ್ದಿಯನ್ನೆಲ್ಲ ಅಷ್ಟೇ ಪದಗಳಲ್ಲಿ ಹೇಳಿತು. ಅದರಲ್ಲಿ ಎಷ್ಟೋ ಪದ ಈಗಾಗಲೇ ನಿಮ್ಮ ಬಳಿ ಇವೆ. ಪದ ಸಾಲದು ಅಂತ ಡಿಕ್ಷನರಿ ಬಾಯಿಪಾಠ ಮಾಡಲು ಹೋಗಬೇಡಿ.

ವಯಸ್ಸಾಯಿತು ಅನ್ನುವ ನೆಪವನ್ನೂ ಬಿಡಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವ ಗಾದೆ ಇಲ್ಲಿಗೆ ಸಲ್ಲದು. ಜರ್ಮನಿಯ ಕಿಟೆಲ್ ಇಪ್ಪತ್ತು ದಾಟಿದ ಮೇಲೆ, 1853ರಲ್ಲಿ, ನಮ್ಮ ಕಡೆಗೆ ಬಂದವರು. ಆಮೇಲೆ ಕನ್ನಡ ಕಲಿತು, 1894ರಲ್ಲಿ ನಮಗೇ ನಿಘಂಟು ಮಾಡಿಕೊಟ್ಟರು. ನಿಮ್ಮಿಂದ ನಿಘಂಟನ್ನು ಯಾರೂ ಕೇಳುತ್ತಿಲ್ಲ. ಬ್ಯಾಂಕಿನವರ ಜೊತೆ, ಡಾಕ್ಟರ ಜೊತೆ, ಮಗಳ ಮನೆಯ ಪಕ್ಕದವರ ಜೊತೆ ನಾಲ್ಕು ಮಾತಾಡಿದರೆ ಸಾಕು.

ಹಾಗಂತ ‘ಮೂವತ್ತೇ ದಿನದಲ್ಲಿ ಇಂಗ್ಲಿಷ್’ ಅನ್ನುವ ಬೋರ್ಡು ನೋಡಿ ದುಡ್ಡು ಸುರಿಯಲೂ ಬೇಡಿ. ಅಮೆರಿಕ ಸರ್ಕಾರ ತನ್ನ ರಾಯಭಾರ ಕಚೇರಿಯ ಸಿಬ್ಬಂದಿಗೆ ಹಿಂದಿ, ತಮಿಳು ಕಲಿಸಲು ಸುಮಾರು 44 ವಾರ, 1100 ಗಂಟೆಗಳ ಪಾಠ ಬೇಕೆಂದು ಲೆಕ್ಕ ಹಾಕಿದೆ. ಅವರು ಸೊನ್ನೆಯಿಂದ ಶುರು ಮಾಡುವವರು, ನಿಮಗೆ ಅಷ್ಟು ಬೇಡ. ಆದರೂ ತಿಂಗಳೊಂದರಲ್ಲಿ ಭಾಷೆ ಬಂದುಬಿಡುತ್ತದೆ ಅನ್ನುವವರ ಮಾತು ನಂಬುವ ಹಾಗಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ, ತಪ್ಪದೆ, ಗಟ್ಟಿಯಾಗಿ ಆಡಿ. ಹನಿಹನಿಗೂಡಿದರೆ ಹಳ್ಳ.

ಏನು ಆಡಬೇಕು? ಪೂರಾ ಇಂಗ್ಲಿಷ್ ಕಲಿಯುತ್ತೇನೆ ಅಂತ ಹೊರಡಬೇಡಿ. ನಿಮಗೆ ಬೇಕಾದ ಮಾತುಕತೆ ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಿಗೆ ಬೇಕಾದದ್ದೇ ಬೇರೆ, ದಾವಣಗೆರೆಯಿಂದ ಬೆಂಗಳೂರಿನ ಆಫೀಸಿಗೆ ಬಂದ ಹುಡುಗನಿಗೆ ಬೇಕಾದದ್ದೇ ಬೇರೆ. ಅಂಥ ನಾಲ್ಕು ಸಂದರ್ಭ ಹಿಡಿಯಿರಿ. ಎದುರಿನವರು ಏನು ಕೇಳಬಹುದು, ನೀವು ಏನು ಹೇಳಬೇಕು, ಎರಡನ್ನೂ ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರ ತೊಡಕಾದರೆ ಕನ್ನಡ ಲಿಪಿಯಲ್ಲೇ ಬರೆಯಿರಿ, ಅದರಲ್ಲಿ ಅವಮಾನವೇನಿಲ್ಲ. ಆಮೇಲೆ ಮನೆಯವರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಆಡಿ.

ವಿಮಾನ ನಿಲ್ದಾಣವನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಇಳಿದ ಮೇಲೆ ಗಾಜಿನ ಹಿಂದಿನ ಅಧಿಕಾರಿ ಸಾಮಾನ್ಯವಾಗಿ ಕೇಳುವುದು ಮೂರು ನಾಲ್ಕೇ ಪ್ರಶ್ನೆ: ಯಾಕೆ ಬಂದಿರಿ, ಯಾರ ಮನೆಗೆ, ಎಷ್ಟು ದಿನ ಇರುತ್ತೀರಿ, ತಿಂಡಿತಿನಿಸು ಏನಾದರೂ ತಂದಿದ್ದೀರಾ. ‘ಐ ಆ್ಯಮ್ ವಿಸಿಟಿಂಗ್ ಮೈ ಡಾಟರ್.’ ‘ಫೋರ್ ಮಂತ್ಸ್.’ ಇಷ್ಟೇ ಸಾಕು. ಅಳಿಯನ ಕಂಪನಿ, ಬೀಗರ ಊರು, ಮೊಮ್ಮಗುವಿನ ನಕ್ಷತ್ರ ಎಲ್ಲವನ್ನೂ ಹೇಳಲು ಹೋಗಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಕೇಳಿದ್ದಕ್ಕೆ ಮಾತ್ರ, ನಿಜವನ್ನೇ, ಪುಟ್ಟ ವಾಕ್ಯದಲ್ಲಿ ಹೇಳಿ. ತಿನಿಸಿನ ಪ್ರಶ್ನೆಗಂತೂ ಹೆದರಿ ‘ನೋ’ ಅಂದುಬಿಡಬೇಡಿ. ಚೀಲದಲ್ಲಿ ಮಾವಿನಹಣ್ಣು ಇಟ್ಟುಕೊಂಡು ಇಲ್ಲ ಅಂದರೆ ದಂಡ ಬೀಳುತ್ತದೆ. ಏನೇನು ಇದೆಯೋ ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆಸಿಟ್ಟುಕೊಂಡು ತೋರಿಸಿ.

ಆಸ್ಪತ್ರೆಯ ಮಾತು ಇದಕ್ಕಿಂತ ಮುಖ್ಯ, ಇದರಲ್ಲಿ ನಿಮ್ಮ ಉದಾಸೀನ ನನಗೆ ಒಪ್ಪಿಗೆಯಿಲ್ಲ. ‘ನನಗೆ ಶುಗರ್ ಇದೆ, ಗ್ಯಾಸ್ಟ್ರಿಕ್ ಆಗಿದೆ, ಲೂಸ್ ಮೋಷನ್’ ಅಂದರೆ ನಮ್ಮ ಊರಿನ ಡಾಕ್ಟರಿಗೆ ಅರ್ಧ ಮಾತಿಗೇ ತಿಳಿಯುತ್ತದೆ. ಹೊರದೇಶದ ಡಾಕ್ಟರು ಕಣ್ಣು ಕಣ್ಣು ಬಿಡುತ್ತಾರೆ. ಅವು ನಮ್ಮಲ್ಲಿ ಬಳಕೆಯಾಗಿರುವ ಇಂಗ್ಲಿಷ್, ಅಲ್ಲಿ ನಡೆಯುವುದಿಲ್ಲ. ಅಲ್ಲಿ ಡಯಾಬಿಟಿಸ್ ಅನ್ನಬೇಕು, ಬಿಪಿ ಅನ್ನದೆ ಹೈ ಬ್ಲಡ್ ಪ್ರೆಷರ್ ಅನ್ನಬೇಕು, ಡಯೇರಿಯಾ ಅನ್ನಬೇಕು. ಹೊಟ್ಟೆ ತೊಳಸಿದಂತಾದರೆ ನಾಸಿಯ, ತಲೆಸುತ್ತಿಗೆ ಡಿಜಿ. ನೋವು ಎಲ್ಲಿ, ಯಾವಾಗಿನಿಂದ, ಚುಚ್ಚುತ್ತದೆಯೋ ಹಿಂಡುತ್ತದೆಯೋ, ಬಂದು ಹೋಗುತ್ತದೆಯೋ ಸದಾ ಇರುತ್ತದೆಯೋ, ಇಷ್ಟನ್ನು ಹೇಳಲು ಅಭ್ಯಾಸ ಮಾಡಿಕೊಳ್ಳಿ. ನುಂಗುವ ಮಾತ್ರೆಗಳ ಹೆಸರು ಬರೆದ ಚೀಟಿ ಪರ್ಸಿನಲ್ಲಿರಲಿ. ಅಮೆರಿಕದಲ್ಲಿ ತುರ್ತಿಗೆ ಕರೆ ಮಾಡುವ ನಂಬರು 911, ಇಂಗ್ಲೆಂಡಿನಲ್ಲಿ 999, ನಮ್ಮಲ್ಲಿ 112. ಕರೆ ಮಾಡಿದಾಗ ಮೊದಲು ವಿಳಾಸ ಹೇಳಿ, ಕಷ್ಟ ಆಮೇಲೆ. ಮಗಳ ಮನೆಯ ವಿಳಾಸ ಬಾಯಿಗೆ ಬರದಿದ್ದರೆ ವಿಮಾನ ಹತ್ತುವ ಮುಂಚೆಯೇ ಕಲಿಯಿರಿ.

ಇನ್ನು ಮರ್ಯಾದೆಯ ಮಾತು. ನಮ್ಮವರು ಮನಸ್ಸಿನಲ್ಲಿ ಒಂಚೂರೂ ಸೊಕ್ಕಿಲ್ಲದಿದ್ದರೂ ಒರಟರು ಅನ್ನಿಸಿಕೊಳ್ಳುವುದು ಇಲ್ಲಿಯೇ. ಕನ್ನಡದಲ್ಲಿ ‘ನೀರು ಕೊಡಿ’ ಅಂದರೆ ಆ ‘ಕೊಡಿ’ಯಲ್ಲೇ ಗೌರವ ಕೂತಿರುತ್ತದೆ, ಬೇರೆ ಏನೂ ಸೇರಿಸಬೇಕಿಲ್ಲ. ಇಂಗ್ಲಿಷಿನಲ್ಲಿ ನೀನು ನೀವು ಎರಡೂ ಒಂದೇ, ಕ್ರಿಯಾಪದದಲ್ಲೂ ಬಹುವಚನದ ಆಸರೆಯಿಲ್ಲ. ‘ಗಿವ್ ಮಿ ವಾಟರ್’ ಅಂದರೆ ‘ನೀರು ಕೊಡು’ ಅಂತ ಅಪ್ಪಣೆ ಮಾಡಿದ ಹಾಗೆ ಕೇಳುತ್ತದೆ. ಆ ಗೌರವವನ್ನು ಬೇರೆ ಕಡೆಯಿಂದ ತಂದು ತುಂಬಬೇಕು. ‘ಕುಡ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್?’ ಅನ್ನಿ. ‘ಕುಡ್ ಯು’, ‘ಕುಡ್ ಐ’, ‘ಪ್ಲೀಸ್’, ‘ಥ್ಯಾಂಕ್ ಯು’, ‘ಸಾರಿ’, ಈ ಐದನ್ನು ಬಾಯಿಗೆ ರೂಢಿ ಮಾಡಿಸಿ. ನಾವು ಥ್ಯಾಂಕ್ಸ್ ಅನ್ನುವುದು ಕಡಿಮೆ. ಮನೆಯವರಿಗೆ, ಅಂಗಡಿಯವರಿಗೆ ಒಂದು ನಗು ಕೊಟ್ಟರೆ ಮುಗಿಯಿತು ಅನ್ನುವುದು ನಮ್ಮ ರೀತಿ. ಆ ಭಾಷೆಯವರಿಗೆ ಬಾಯಿಬಿಟ್ಟು ಹೇಳದ ಕೃತಜ್ಞತೆ ಲೆಕ್ಕಕ್ಕಿಲ್ಲ. ಹತ್ತು ಸಲ ಹೇಳಿದರೂ ಅತಿಯಾಯಿತು ಅಂತ ಅವರು ಅಂದುಕೊಳ್ಳುವುದಿಲ್ಲ, ಸಂಕೋಚಪಡಬೇಡಿ.

ಅರ್ಥವಾಗದಾಗ ಏನು ಮಾಡುತ್ತೀರಿ? ತಲೆಯಾಡಿಸಿ ‘ಯೆಸ್ ಯೆಸ್’ ಅನ್ನುತ್ತೀರಿ. ಈ ದುರಭ್ಯಾಸವನ್ನು ಇವತ್ತೇ ಬಿಡಿ. ಫೋನಿನಲ್ಲಿ ಯಾರೋ ಏನೋ ಕೇಳಿದರು, ನೀವು ಯೆಸ್ ಅಂದಿರಿ, ಬೇಡದ ಪಾಲಿಸಿಯೋ ಸಾಲದ ಕಾರ್ಡೋ ತಲೆಗೆ ಕಟ್ಟಿದರು. ಆಮೇಲೆ ಅವರನ್ನು ಬೈದು ಏನು ಬಂತು? ‘ಸಾರಿ, ಕುಡ್ ಯು ಸೇ ದಟ್ ಅಗೇನ್, ಸ್ಲೋಲಿ?’ ಈ ಒಂದು ವಾಕ್ಯವನ್ನು ಎಲ್ಲಕ್ಕಿಂತ ಮೊದಲು ಕಲಿಯಿರಿ. ಎರಡನೇ ಸಲವೂ ತಿಳಿಯದಿದ್ದರೆ ‘ಪ್ಲೀಸ್ ರೈಟ್ ಇಟ್ ಡೌನ್’ ಅಂತ ಕಾಗದ ಮುಂದಿಡಿ. ಲೆಕ್ಕದ ವಿಷಯದಲ್ಲಂತೂ ಕೇಳಿಯೇ ತೀರಿ. ಫಿಫ್ಟೀನಿಗೂ ಫಿಫ್ಟಿಗೂ ಕಿವಿಗೆ ಕೂದಲೆಳೆಯ ವ್ಯತ್ಯಾಸ. ಹದಿನೈದು ಹೇಳುವಾಗ ಕೊನೆಯ ‘ಟೀನ್’ ಮೇಲೆ ಒತ್ತು ಬಿದ್ದು ಅದು ಉದ್ದವಾಗುತ್ತದೆ, ಐವತ್ತು ಹೇಳುವಾಗ ಮೊದಲಿನ ‘ಫಿಫ್’ ಮೇಲೆ ಒತ್ತು. ‘ಒನ್ ಫೈವ್ ಆರ್ ಫೈವ್ ಝೀರೊ?’ ಅಂತ ಬಿಡಿಸಿ ಕೇಳಿದರೆ ಜೇಬು ಉಳಿಯುತ್ತದೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ.

ಉಚ್ಚಾರಣೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಆದರೆ ಎರಡು ಮೂರು ಕಡೆ ಎಚ್ಚರ ಬೇಕು. ಕನ್ನಡದ ಮಾತು ಸ್ವರದಲ್ಲಿ ಮುಗಿಯುತ್ತದೆ, ಅದಕ್ಕೇ ನಾವು ಬಸ್ಸು, ಬ್ಯಾಂಕು, ಕಾರ್ಡು ಅನ್ನುತ್ತೇವೆ. ಇಂಗ್ಲಿಷ್ ಆಡುವಾಗ ಆ ಕೊನೆಯ ‘ಉ’ ಕತ್ತರಿಸಿ. ‘ಎ’ಗೆ ‘ಯೆ’, ‘ಒ’ಗೆ ‘ವೊ’ ಸೇರಿಸುವುದೂ ನಮ್ಮ ರೂಢಿ. ಎಗ್ ಯೆಗ್ ಆಗುತ್ತದೆ, ಓನ್ಲಿ ವೋನ್ಲಿ ಆಗುತ್ತದೆ. ಇದಕ್ಕಿಂತ ಹೆಚ್ಚಾಗಿ ಕಾಡುವುದು ನಮ್ಮ ವೇಗ. ಕನ್ನಡದ ಓಟದಲ್ಲೇ ಇಂಗ್ಲಿಷ್ ಓಡಿಸಿದರೆ ಎದುರಿನವರಿಗೆ ಒಂದು ಪದವೂ ಸಿಗುವುದಿಲ್ಲ. ನಿಧಾನಿಸಿ, ವಾಕ್ಯಕ್ಕೊಮ್ಮೆ ಉಸಿರು ತೆಗೆದುಕೊಳ್ಳಿ. ಬಿಬಿಸಿಯ ಲರ್ನಿಂಗ್ ಇಂಗ್ಲಿಷ್ ವಿಭಾಗದ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. ಕೇಳಿ ಸುಮ್ಮನಾಗಬೇಡಿ, ಒಂದು ವಾಕ್ಯ ಕೇಳಿದ ಕೂಡಲೇ ನಿಲ್ಲಿಸಿ, ಅದೇ ರಾಗದಲ್ಲಿ ನೀವೂ ಹೇಳಿ, ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಆದರೆ ‘ವಾನಾ, ಗೊನ್ನಾ’ ಅಂತ ಬಾಯಿ ಸೊಟ್ಟ ಮಾಡಿಕೊಂಡು ಅಮೆರಿಕದವರ ಹಾಗೆ ಆಡಲು ಹೋಗಬೇಡಿ. ನೀವು ಹಾಸನದವರು ಅಂತ ನಿಮ್ಮ ಇಂಗ್ಲಿಷಿನಲ್ಲಿ ಗೊತ್ತಾದರೆ ಗೊತ್ತಾಗಲಿ.

ಮನೆಯವರಿಗೂ ಒಂದು ಮಾತು. ಅಮ್ಮ ‘ಡಿಡ್ ಯು ಕೇಮ್’ ಅಂದಾಗ ಕಿಸಕ್ಕನೆ ನಗುವ ಮಕ್ಕಳೇ, ನಿಮಗೆ ಮೊದಲ ಮಾತು ಕಲಿಸಿದ್ದು ಅವಳು. ನಿಮ್ಮ ತೊದಲಿಗೆ ಅವಳು ಹೀಗೆ ನಕ್ಕಿದ್ದರೆ ನೀವು ಮಾತಾಡುತ್ತಿದ್ದಿರಾ? ನಡುವೆ ಬಾಯಿ ಹಾಕಿ ತಿದ್ದಬೇಡಿ. ಅವಳ ಮಾತು ಮುಗಿಯಲಿ, ಆಮೇಲೆ ‘ಡಿಡ್ ಯು ಕಮ್’ ಅಂತ ಸರಿಯಾದದ್ದನ್ನು ನೀವೊಮ್ಮೆ ಆಡಿ ತೋರಿಸಿ, ಸಾಕು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವ ಹೆದರಿಕೆಯನ್ನು ಹುಟ್ಟಿಸುವವರು ಹೊರಗಿನವರಿಗಿಂತ ಒಳಗಿನವರೇ ಹೆಚ್ಚು.

ಇಂಗ್ಲಿಷ್ ಕಲಿಯುವ ಹುರುಪಿನಲ್ಲಿ ಮನೆಯಲ್ಲಿ ಕನ್ನಡ ನಿಲ್ಲಿಸಬೇಕು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕನ್ನಡದ ಕವಿ ಬಿ.ಎಂ.ಶ್ರೀ. ಇಂಗ್ಲಿಷ್ ಪ್ರಾಧ್ಯಾಪಕರು. ವಿ.ಕೃ. ಗೋಕಾಕರು ಹೈದರಾಬಾದಿನಲ್ಲಿ ಇಂಗ್ಲಿಷ್ ಶಿಕ್ಷಕರನ್ನು ತಯಾರು ಮಾಡುವ ಕೇಂದ್ರ ಸಂಸ್ಥೆಯ ನಿರ್ದೇಶಕರಾಗಿದ್ದವರು, ಕನ್ನಡಕ್ಕೆ ಜ್ಞಾನಪೀಠ ತಂದವರು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾದ ಪ್ರಮೇಯ ಅವರಿಗೆ ಬರಲಿಲ್ಲ, ನಿಮಗೂ ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಕ್ಲಾಸಿಗೆ ಸೇರಲೇಬೇಕು ಅನ್ನಿಸಿದರೆ ಸೇರಿ, ಬೇಡ ಅನ್ನುವುದಿಲ್ಲ. ಫೀಸು ಕಟ್ಟುವ ಮುಂಚೆ ಒಂದು ದಿನ ಕೂತು ನೋಡುತ್ತೇನೆ ಅಂತ ಕೇಳಿ. ತರಗತಿಯಲ್ಲಿ ಎಷ್ಟು ಜನರಿದ್ದಾರೆ, ಒಂದು ಗಂಟೆಯಲ್ಲಿ ಒಬ್ಬೊಬ್ಬರಿಗೂ ಎಷ್ಟು ನಿಮಿಷ ಮಾತಾಡಲು ಸಿಗುತ್ತದೆ ಅಂತ ಗಮನಿಸಿ. ಐವತ್ತು ಜನ ನೋಟ್ಸು ಬರೆಯುತ್ತಾ ಮೇಷ್ಟರೊಬ್ಬರೇ ಮಾತಾಡುತ್ತಿದ್ದರೆ ಅಲ್ಲಿ ಇಂಗ್ಲಿಷ್ ಚೆನ್ನಾಗಿ ಬರುವುದು ಮೇಷ್ಟರಿಗೆ ಮಾತ್ರ. ಒಂದು ನಮಸ್ಕಾರ ಹೇಳಿ ಎದ್ದು ಬನ್ನಿ. ಅದೇ ದುಡ್ಡಿನಲ್ಲಿ ನಿಮ್ಮ ಬೀದಿಯಲ್ಲೇ ಇಂಗ್ಲಿಷ್ ಚೆನ್ನಾಗಿ ಬಲ್ಲ ಕಾಲೇಜು ಹುಡುಗಿಯನ್ನು ವಾರಕ್ಕೆ ಮೂರು ದಿನ ಕರೆಸಿಕೊಳ್ಳಿ. ಅವಳಿಗೆ ಒಂದು ಲೋಟ ಕಾಫಿ ಕೊಟ್ಟು, ನೀವು ಬರೆದಿಟ್ಟ ಆ ನಾಲ್ಕು ಸಂದರ್ಭಗಳನ್ನೇ ಅರ್ಧ ಗಂಟೆ ಆಡಿ. ಪಾತ್ರ ಅದಲು ಬದಲು ಮಾಡಿ, ಒಂದು ದಿನ ನೀವೇ ಡಾಕ್ಟರಾಗಿ, ಅವಳು ರೋಗಿಯಾಗಲಿ. ಪ್ರಶ್ನೆ ಕೇಳುವುದೂ ಆಗ ತಾನಾಗಿ ಬರುತ್ತದೆ.