ಪಾಚಿಗೆ ಸೋಡಾ ಏಕೆ?

ಸ್ಪಿರುಲಿನ ಎಂಬ ಪುಷ್ಟಿಯ ಪುಡಿಯನ್ನು ನಮ್ಮ ವಾಚಕರಲ್ಲಿ ಅನೇಕರು ಔಷಧದ ಅಂಗಡಿಗಳಲ್ಲಿ ಕಂಡಿರಬಹುದು. ಅದರ ಬೇಸಾಯವನ್ನು ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದವರು ಬಹಳವಾಗಿ ಅಭ್ಯಸಿಸಿದ್ದಾರೆ. ಅದನ್ನು ಬೆಳೆಸುವ ನೀರಿಗೆ ಹಾಕುವುದು ನಮ್ಮ ಅಡುಗೆಮನೆಯ ಸೋಡಾ, ಅರ್ಥಾತ್ ಸೋಡಿಯಂ ಬೈಕಾರ್ಬೊನೇಟ್. ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿರುವ ಒಂದು ಪಾಕದಲ್ಲಿ ಲೀಟರಿಗೆ 16.8 ಗ್ರಾಂ! ಬೋಂಡಾ ಉಬ್ಬಿಸುವ ವಸ್ತು ಪಾಚಿಗೇಕೆ?

ಪಾಚಿ ಎಂಬುದು ರೂಢಿಯ ಮಾತು. ನಿಜವಾಗಿ ಇವು ಬಿಸಿಲಿನಿಂದ ಅನ್ನ ಮಾಡಿಕೊಳ್ಳುವ ಬ್ಯಾಕ್ಟೀರಿಯಗಳು. ಸಯನೋಬ್ಯಾಕ್ಟೀರಿಯ ಎಂದು ಹೆಸರು. ಮಳೆಗಾಲದಲ್ಲಿ ನಮ್ಮ ಚಾಳಿನ ಗೋಡೆಗಳ ಲೋಳೆಯಲ್ಲಿಯೂ ಇವು ಇರುತ್ತವೆ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಭತ್ತದ ಗದ್ದೆಯ ಅನಬೀನ ಎಂಬ ಜಾತಿಯನ್ನು ದಶಕಗಳಿಂದ ಪರೀಕ್ಷಿಸಿದ್ದಾರೆ. ಅವರ ಗಮನ ಹೆಚ್ಚಾಗಿ ಸಾರಜನಕ ಮತ್ತು ಉಪ್ಪಿನ ಕಡೆಗೆ. ನಮ್ಮ ಪಾಠ ಇಂಗಾಲದ್ದು.

ಎಲ್ಲ ಹಸಿರು ಜೀವಿಗಳಲ್ಲಿಯೂ ಇಂಗಾಲಾಮ್ಲ ಅನಿಲವನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ಕಿಣ್ವ ರುಬಿಸ್ಕೊ. ಇದು ಮಹಾ ನಿಧಾನಿ. ಸಾಲದ್ದಕ್ಕೆ, ಇಂಗಾಲಾಮ್ಲವೆಂದು ಆಗಾಗ ಆಮ್ಲಜನಕವನ್ನೇ ಹಿಡಿದುಬಿಡುತ್ತದೆ. ಇಂಥ ಕೆಲಸಗಾರನ ಮುಂದೆ ಸರಕು ರಾಶಿ ಬಿದ್ದಿದ್ದರೆ ಮಾತ್ರ ಕೆಲಸ ಸಾಗೀತು. ಆದರೆ ಗಾಳಿಯಲ್ಲಿ ಈ ಅನಿಲ ಇರುವುದು ನೂರಕ್ಕೆ 0.04ರಷ್ಟು; ಹಿಡಿದಿಟ್ಟರೂ ಪೊರೆಯಿಂದ ಸುಲಭವಾಗಿ ಸೋರಿಹೋಗುತ್ತದೆ.

ಗಿರಣಿಯ ಲೆಕ್ಕ ಬರೆಯುವ ನಮಗೆ ಇಲ್ಲಿ ಗೇಟು, ಗೋದಾಮುಗಳೇ ನೆನಪಾಗುತ್ತವೆ. ಬೈಕಾರ್ಬೊನೇಟಿಗೆ ವಿದ್ಯುದಂಶವಿದೆ; ಆದಕಾರಣ ಅದು ಪೊರೆಯನ್ನು ತಾನಾಗಿ ದಾಟಲಾರದು. ಒಳಗೆ ಬರಲೂ ಕಷ್ಟ, ಹೊರಗೆ ಹೋಗಲೂ ಕಷ್ಟ. ಕೂಡಿಡಲು ಇದಕ್ಕಿಂತ ಒಳ್ಳೆಯ ಸರಕು ಬೇರೆ ಯಾವುದು? ಜೀವಕೋಶವು ಶಕ್ತಿ ವೆಚ್ಚಮಾಡಿ ಅದನ್ನು ಒಳಗೆಳೆಯುತ್ತದೆ. ಹೀಗೆ ಎಳೆಯುವ ದ್ವಾರಗಳಲ್ಲಿ ಮೂರು ಬಗೆ ತಿಳಿದಿವೆ. ಅವುಗಳಲ್ಲಿ ಎರಡಕ್ಕೆ ಸೋಡಿಯಂ ಜೊತೆಗಿರಬೇಕು. ಇನ್ನೆರಡು ಏರ್ಪಾಡುಗಳು ಒಳಬಂದ ಅನಿಲವನ್ನು ಕೂಡಲೇ ಬೈಕಾರ್ಬೊನೇಟು ಮಾಡಿಬಿಡುತ್ತವೆ.

ಗೋದಾಮು ತುಂಬಿತು, ರುಬಿಸ್ಕೊಗೆ ಬೇಕಾದದ್ದಾದರೋ ಅನಿಲ. ಅದಕ್ಕಾಗಿ ಜೀವಕೋಶದಲ್ಲಿ ಪ್ರೋಟೀನಿನ ಚಿಪ್ಪಿನ ಪುಟ್ಟ ಕೋಣೆಗಳಿವೆ. 1956ರಲ್ಲಿ ಮೊದಲು ಕಣ್ಣಿಗೆ ಬಿದ್ದ ಇವಕ್ಕೆ ಈಗ ಕಾರ್ಬಾಕ್ಸಿಸೋಮ್ ಎಂದು ಹೆಸರು. ರುಬಿಸ್ಕೊ ಕೂತಿರುವುದು ಅಲ್ಲಿಯೇ. ಜೊತೆಗಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಬೈಕಾರ್ಬೊನೇಟನ್ನು ಅಲ್ಲಿಯೇ ಅನಿಲವಾಗಿ ಬಿಡಿಸುತ್ತದೆ.

ಬಿಡಿಸುವುದು ಕೋಣೆಯೊಳಗೇ ಆಗಬೇಕೆ? ಆಸ್ಟ್ರೇಲಿಯದ ಪ್ರೈಸ್ ಮತ್ತು ಬ್ಯಾಜರ್ 1989ರಲ್ಲಿ ಬಲು ಚೆಂದದ ಪರೀಕ್ಷೆ ಮಾಡಿದರು. ಅದೇ ಕೆಲಸದ ಕಿಣ್ವ ನಮ್ಮ ರಕ್ತದಲ್ಲಿಯೂ ಉಂಟು. ಮನುಷ್ಯನ ಆ ಕಿಣ್ವವನ್ನು ಬ್ಯಾಕ್ಟೀರಿಯದ ಒಳಗೆ, ಆದರೆ ಕೋಣೆಯ ಹೊರಗೆ, ಹುಟ್ಟುವಂತೆ ಮಾಡಿದರು. ಕೂಡಿಟ್ಟದ್ದೆಲ್ಲ ಅನಿಲವಾಗಿ ಸೋರಿತು. ಹೆಚ್ಚು ಇಂಗಾಲಾಮ್ಲ ಊದಿದ ಹೊರತು ಆ ಬ್ಯಾಕ್ಟೀರಿಯ ಬೆಳೆಯದಾಯಿತು!

ಇದೆಲ್ಲ ಪಾಚಿಯ ಸುದ್ದಿಯೆಂದು ವಾಚಕರು ಪುಟ ಮಗುಚಬಾರದು. ನಾವು ಉಣ್ಣುವ ಭತ್ತಕ್ಕೂ ಅದೇ ರುಬಿಸ್ಕೊ ಗತಿ, ಆದರೆ ಅದಕ್ಕೆ ಈ ಗೋದಾಮಿಲ್ಲ. ಈ ಏರ್ಪಾಡನ್ನು ಬೆಳೆಗಳಿಗೆ ತರಲು ಯತ್ನ ನಡೆದಿದೆ. 2018ರಲ್ಲಿ ತಂಬಾಕಿನ ಎಲೆಯಲ್ಲಿ ಚಿಪ್ಪಿನ ಕೋಣೆಗಳನ್ನು ಕಟ್ಟಿಸಿದರು. ಗಿಡವೂ ಬೆಳೆಯಿತು, ಆದರೆ ಹೆಚ್ಚು ಇಂಗಾಲಾಮ್ಲವಿದ್ದ ಗಾಳಿಯಲ್ಲಿ. ಕೋಣೆಯಾಯಿತು, ಬೈಕಾರ್ಬೊನೇಟನ್ನು ಒಳಗೆಳೆಯುವ ದ್ವಾರಗಳು ಆ ಗಿಡದಲ್ಲಿರಲಿಲ್ಲ.